ಮತ್ತಿಮರದ ಪೊಟರೆಯ ಕತ್ತಲು

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ನಮ್ಮ ಕುಂಬಾರವಾಡದ್ದೇ ಹೆಸರು. ಇಲ್ಲಿ ನಡುಹಗಲಲ್ಲೂ ಮರದಡಿ ಮಬ್ಬು. ಎಲೆಸಂದಿಯಿಂದ ಇಳಿದ ಬಿಸಿಲು ಮಾತ್ರ ಕಣ್ಣು ಕುಕ್ಕುತ್ತದೆ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಇವೆರಡನ್ನೂ ಒಟ್ಟಿಗೆ ಹಿಡಿಯುವುದು ನನಗೆ ಇಷ್ಟ. ಹಿಡಿದದ್ದನ್ನು ಅಳೆಯುವುದು ಇನ್ನೂ ಇಷ್ಟ.

ನೆಗೆಟಿವ್‌ನ ಯಾವ ಜಾಗ ಎಷ್ಟು ದಟ್ಟ, ಅಂದರೆ ಅದರ ಸಾಂದ್ರತೆ ಎಷ್ಟು ಎಂದು ಅಳೆಯಲೆಂದೇ ಡೆನ್ಸಿಟೋಮೀಟರ್ ಎಂಬ ಯಂತ್ರವಿದೆ. ನನ್ನ ಮೇಜಿನ ಮೇಲಿರುವುದು ಮುಚ್ಚಳದಲ್ಲೂ ದೀಪವಿರುವ ಸ್ಕ್ಯಾನರ್. ಅದೇ ಸಾಕು, ಆದರೆ ಮೊದಲು ಅದರ ಜಾಣತನವನ್ನೆಲ್ಲ ಬಂದ್ ಮಾಡಬೇಕು. ಆಟೋ ಎಕ್ಸ್‌ಪೋಷರ್ ಬೇಡ, ಶಾರ್ಪ್‌ನಿಂಗ್ ಬೇಡ, ಗಾಮಾ 1.0, 16 ಬಿಟ್. ಆಗ ಅದು ಬಂದ ಬೆಳಕನ್ನು ಬಂದಷ್ಟೇ ಎಣಿಸುತ್ತದೆ. ಖಾಲಿ ಗಾಜು 60,000 ತೋರಿದರೆ, 30,000 ತೋರುವ ಜಾಗದ ಸಾಂದ್ರತೆ 0.3. 6,000 ತೋರಿದರೆ 1, 600 ಆದರೆ 2. ಬೆಳಕು ಹತ್ತು ಪಟ್ಟು ಕುಗ್ಗಿದಾಗ ಅಂಕಿ ಒಂದೇ ಮೆಟ್ಟಿಲು ಏರುವ ಈ ಲಾಗರಿದಂ ಲೆಕ್ಕವನ್ನು 1890ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನಲ್ಲಿದ್ದ ಹರ್ಟರ್ ಮತ್ತು ಡ್ರಿಫೀಲ್ಡ್. ಒಬ್ಬರು ರಸಾಯನಶಾಸ್ತ್ರಜ್ಞ, ಇನ್ನೊಬ್ಬರು ಎಂಜಿನಿಯರ್, ಇಬ್ಬರಿಗೂ ಫೋಟೋದ ಹುಚ್ಚು. ಅವರ ಮೇಲೆ ನನಗೆ ಬಹಳ ಅಕ್ಕರೆ.

ಸ್ಕ್ಯಾನರ್ ಹೇಳಿದ್ದನ್ನು ಹಾಗೇ ನಂಬುವಂತಿಲ್ಲ. ಸುತ್ತಲಿನ ಬೆಳಕು ಒಳಗೆ ಚದುರಿ, ದಟ್ಟ ಜಾಗವನ್ನು ಇರುವುದಕ್ಕಿಂತ ತೆಳುವಾಗಿ ತೋರಿಸುತ್ತದೆ. ಅದಕ್ಕೇ ನೆಗೆಟಿವ್ ಸುತ್ತ ಕಪ್ಪು ರಟ್ಟು ಮುಚ್ಚುತ್ತೇನೆ, ಪಕ್ಕದಲ್ಲಿ 0.15ರಂತೆ ಏರುವ 21 ಮೆಟ್ಟಿಲುಗಳ ಅಳತೆಪಟ್ಟಿ ಇಡುತ್ತೇನೆ. ಎರಡೂ ಒಂದೇ ಸ್ಕ್ಯಾನಿನಲ್ಲಿ ಬರಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ, ದೀಪ ಹದಕ್ಕೆ ಬರುವವರೆಗೂ ಅಂಕಿ ಅಲುಗುತ್ತಿರುತ್ತದೆ. ಪಟ್ಟಿ ಜೊತೆಗಿದ್ದರೆ ಆ ಭಯವಿಲ್ಲ. ಪಟ್ಟಿಯ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ಗೆರೆ ಎಳೆದರೆ, ನೆಗೆಟಿವ್‌ನ ಯಾವ ಚುಕ್ಕೆಯ ಸಾಂದ್ರತೆಯನ್ನಾದರೂ ಅದರಿಂದ ಓದಬಹುದು.

ಈಗ ಮತ್ತಿಮರದ ಬುಡದ ಪೊಟರೆ. ಊರಿನ ಕತ್ತಲೆಲ್ಲ ಅಲ್ಲೇ ಕೂತಿದೆ ಅನ್ನಿಸುತ್ತದೆ, ನೆಗೆಟಿವ್‌ನಲ್ಲಿ ಮಾತ್ರ ಅದೇ ಎಲ್ಲಕ್ಕಿಂತ ತಿಳಿ. ಕರ್ಸರ್‌ನಿಂದ ಅಲ್ಲೊಂದು ಪುಟ್ಟ ಚೌಕ ಎಳೆದು ಸರಾಸರಿ ನೋಡುತ್ತೇನೆ. ಬೆಳಕೇ ಕಾಣದ ಫಿಲ್ಮಿನ ಅಂಚಿಗಿಂತ 0.1 ಹೆಚ್ಚಿದ್ದರೆ ಪೊಟರೆ ಫಿಲ್ಮಿಗೆ ದಕ್ಕಿತು. ಐಎಸ್‌ಒ ಪದ್ಧತಿಯಲ್ಲಿ ಫಿಲ್ಮಿನ ವೇಗ ಗೊತ್ತುಮಾಡುವುದೂ ಇದೇ 0.1ರ ಮೇಲೆ. ಕಡಿಮೆ ಬಂದರೆ ಮುಂದಿನ ರೋಲಿಗೆ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು. ಆಗ ಬಂಡೆಯ ಮೇಲಿನ ಬಿಸಿಲು ಇನ್ನೂ ದಟ್ಟವಾಗುತ್ತದೆ, ಅದನ್ನು ಹದಕ್ಕೆ ತರಲು ಡೆವಲಪರ್‌ನಲ್ಲಿಡುವ ಹೊತ್ತು ಕಡಿಮೆ ಮಾಡಬೇಕು. ಎಷ್ಟು ಎಂಬುದನ್ನು ಮತ್ತೆ ಸ್ಕ್ಯಾನರನ್ನೇ ಕೇಳಬೇಕು.