ಬಗ್ಗುವ ವಿದ್ಯೆ

ಬಗ್ಗಿದವನಿಗೊಂದು ಗುದ್ದು ಹೆಚ್ಚೆಂಬ ಗಾದೆಯನ್ನು ವಾಚಕರು ಕೇಳಿಯೇ ಇರುವರು. ನಮಗೆ ಆ ಗುದ್ದು ಬಿದ್ದುದು ನಮ್ಮ ಅಡಿಗೆಯ ಮನೆಯಲ್ಲಿ. ಕೊಟ್ಟುದು ಗ್ಯಾಸ್ ಸಿಲಿಂಡರು. ಒಳಗಿನ ಅನಿಲವೇ ೧೪.೨ ಕಿಲೋ, ಕಬ್ಬಿಣವೂ ಸೇರಿದರೆ ಹೆಚ್ಚುಕಡಮೆ ೩೦ ಕಿಲೋ. ಕಾಲುಗಳನ್ನು ನೆಟ್ಟಗೆ ನಿಲ್ಲಿಸಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಮೊಳದಷ್ಟು ದೂರದಲ್ಲಿದ್ದ ಆ ಭಾರವನ್ನು ಒಮ್ಮೆಗೇ ಜಗ್ಗಿದೆವು. ಸೊಂಟ ಹಿಡಿದುಕೊಂಡಿತು. ಮೂರು ವಾರ ನೆಟ್ಟಗೆ ನಿಲ್ಲಲಾಗಲಿಲ್ಲ.

ಆ ದಿನಗಳಲ್ಲಿಯೇ ಒಂದು ರಾತ್ರಿ, ಎಂಬತ್ತು ದಾಟಿದ ನಮ್ಮ ತಾಯಿಯವರು ಬಚ್ಚಲ ಬಾಗಿಲಲ್ಲಿ ಕುಸಿದು ಕುಳಿತರು. ಪುಣ್ಯವಶಾತ್ ಪೆಟ್ಟಾಗಲಿಲ್ಲ, ಆದರೆ ಏಳಲಾರದೆ ಹೋದರು. ಅವರ ತೂಕ ೪೨ ಕಿಲೋ. ನಾವಾದರೋ ಎತ್ತಲಾರದೆ ಎದುರಿಗೆ ನಿಂತಿದ್ದೆವು. ನೆರೆಮನೆಯ ಹುಡುಗನನ್ನು ಕರೆದು ಎಬ್ಬಿಸಬೇಕಾಯಿತು. “ಹೋಗಲಿ ಬಿಡು ಮಗು, ನಿನಗೇ ಮೈ ಸರಿಯಿಲ್ಲ” ಎಂದು ಅವರೇ ನಮ್ಮನ್ನು ಸಂತೈಸಿದರು. ಸೊಂಟದ ನೋವಿಗಿಂತಲೂ ಆ ಸಾಂತ್ವನವೇ ನಮ್ಮನ್ನು ಹೆಚ್ಚಾಗಿ ನೋಯಿಸಿತು.

ವೈದ್ಯರು ಪರೀಕ್ಷಿಸಿ, ಎಲುಬಿಗೆ ಕೇಡಿಲ್ಲವೆಂದೂ, ನೋವು ತಗ್ಗಿದ ಮೇಲೆ ಬೆನ್ನನ್ನು ಸುಮ್ಮನಿರಿಸದೆ ಬಲಪಡಿಸಬೇಕೆಂದೂ ಹೇಳಿದರು. ಹೀಗೆ ಐವತ್ತೆರಡನೆಯ ವಯಸ್ಸಿನಲ್ಲಿ ವ್ಯಾಯಾಮಶಾಲೆಯ ಮೆಟ್ಟಿಲನ್ನು ಹತ್ತಿದೆವು. ಲೇಖನಿ ಹಿಡಿಯುವ ಕೈಗೆ ಕಬ್ಬಿಣವೇಕೆಂಬ ಸಂಕೋಚವು ನಮಗಿಲ್ಲದಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದರಲ್ಲವೆ? ಅದನ್ನು ನೆನೆದು ಧೈರ್ಯ ತಂದುಕೊಂಡೆವು.

ನಾವು ಅಲ್ಲಿ ಕಲಿತ ವಿದ್ಯೆಗೆ ಡೆಡ್‌ಲಿಫ್ಟ್ ಎಂದು ಹೆಸರು. ನೆಲದ ಮೇಲೆ ನಿಶ್ಚಲವಾಗಿರುವ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವುದು, ಇಷ್ಟೇ. ಕಲಿಸಿದವರು ನಮ್ಮ ಮಗನ ವಯಸ್ಸಿನವರು. ಮೊದಲ ದಿನ ಅವರು ಕಬ್ಬಿಣವನ್ನು ಮುಟ್ಟಗೊಡಲಿಲ್ಲ. ಗೋಡೆಗೆ ಬೆನ್ನು ಮಾಡಿ, ಅಡಿಯಷ್ಟು ಮುಂದೆ ನಿಲ್ಲಿಸಿ, “ಸಾರ್, ಎರಡು ಕೈಯಲ್ಲೂ ಸಾಮಾನಿದ್ದಾಗ ಬಾಗಿಲನ್ನು ಹಿಂದಿನಿಂದ ತಳ್ಳುತ್ತೀರಲ್ಲ, ಹಾಗೆ ಹಿಂದಕ್ಕೆ ಹೋಗಿ. ಬೆನ್ನು ಬಾಗಬಾರದು, ಸೊಂಟ ಮಡಿಯಬೇಕು” ಎಂದರು. ಬೆನ್ನಿನುದ್ದಕ್ಕೂ ಒಂದು ಕೋಲನ್ನು ಹಿಡಿಸಿ, ತಲೆ, ಬೆನ್ನು, ಪೃಷ್ಠ ಮೂರೂ ಅದಕ್ಕೆ ತಾಗಿಯೇ ಇರಬೇಕೆಂದರು. ಮೂರರಲ್ಲೊಂದು ಪ್ರತಿ ಸಾರಿಯೂ ತಪ್ಪಿಹೋಗುತ್ತಿತ್ತು. ಇಷ್ಟು ವರ್ಷ ಬದುಕಿಯೂ ನಮಗೆ ಬಗ್ಗಲು ಬಾರದೆಂಬುದು ಅಂದು ತಿಳಿಯಿತು.

ಎರಡು ವಾರಗಳ ತರುವಾಯ ಸರಳು ಕೈಗೆ ಬಂದಿತು. ಬರಿಯ ಸರಳಿನ ತೂಕವೇ ೨೦ ಕಿಲೋ. ೪೫ ಸೆಂಟಿಮೀಟರು ಅಡ್ಡಳತೆಯ ದೊಡ್ಡ ಬಿಲ್ಲೆಗಳನ್ನು ತೊಡಿಸಿದಾಗ ಅದು ನೆಲದಿಂದ ಗೇಣೆತ್ತರಕ್ಕೆ ನಿಲ್ಲುವುದು. ಬಿಲ್ಲೆಗಳಿಲ್ಲದ ನಮ್ಮ ಸರಳನ್ನು ಮರದ ದಿಮ್ಮಿಗಳ ಮೇಲಿಟ್ಟರು. ಸರಳು ಪಾದದ ನಡುಭಾಗದ ಮೇಲಿರಬೇಕು. ತೋಳುಗಳು ಹಗ್ಗದಂತೆ ನೆಟ್ಟಗಿರಬೇಕು. ಉಸಿರನ್ನು ಆಳವಾಗಿ ತುಂಬಿಕೊಂಡು ಹೊಟ್ಟೆಯನ್ನು ಬಿಗಿಹಿಡಿಯಬೇಕು. ಅನಂತರ ಜಗ್ಗದೆ, ಪಾದಗಳಿಂದ ನೆಲವನ್ನು ಕೆಳಕ್ಕೆ ಒತ್ತುತ್ತ ಏಳಬೇಕು. ಸರಳು ಕಾಲನ್ನು ಸವರಿಕೊಂಡೇ ಮೇಲೇರಬೇಕು. ಮೈಯಿಂದ ದೂರ ಸರಿದಷ್ಟೂ, ಏತದ ಮರದ ತುದಿಗೆ ಕಟ್ಟಿದ ಭಾರದಂತೆ, ಸೊಂಟದ ಮೇಲಿನ ಹೊರೆ ಹೆಚ್ಚುವುದು. ನೆಟ್ಟಗೆ ನಿಂತ ಮೇಲೆ ಹಿಂದಕ್ಕೆ ವಾಲಕೂಡದು. ಸಿಲಿಂಡರಿನ ಮುಂದೆ ನಾವು ಮಾಡಿದ ತಪ್ಪುಗಳೆಲ್ಲ ಇದರಲ್ಲಿ ಒಂದೊಂದಾಗಿ ಕಾಣಿಸಿದುವು.

ವಾರಕ್ಕೆ ಎರಡು ದಿನ ಅಭ್ಯಾಸ. ವಾರಕ್ಕೆ ಎರಡೂವರೆ ಕಿಲೋ ಏರಿಕೆ. ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ವಯಸ್ಕರು ವಾರಕ್ಕೆ ಎರಡು ದಿನವಾದರೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೇಳಿರುವುದೂ ಉಂಟು. ಒಮ್ಮೆ ನಾವು ಹೆಮ್ಮೆಯಿಂದ ಒಂದೇ ಸಾರಿಗೆ ಹತ್ತು ಕಿಲೋ ಏರಿಸಿದೆವು. ಭಾರವೇನೋ ಎದ್ದಿತು, ಬೆನ್ನೂ ಬಾಗಿತು. ಗುರುಗಳು ಮಾತನಾಡದೆ ಬಿಲ್ಲೆಗಳನ್ನು ಕಳಚಿ, “ಬೆನ್ನು ಬಾಗಿದರೆ ಅದು ಲೆಕ್ಕಕ್ಕಿಲ್ಲ ಸಾರ್” ಎಂದರು. ನಾಚಿಕೆಯಾಯಿತು. ಅಂದಿನಿಂದ ಅವಸರವನ್ನು ಬಿಟ್ಟೆವು. ಎಂಟನೆಯ ತಿಂಗಳಿಗೆ ೭೦ ಕಿಲೋ ಎದ್ದಿತು. ಬೆನ್ನುನೋವಿರುವ ವಾಚಕರು ಮಾತ್ರ ವೈದ್ಯರನ್ನು ಕೇಳದೆಯೂ, ತಿಳಿದವರ ಕಣ್ಣಿಲ್ಲದೆಯೂ ಇದಕ್ಕೆ ಕೈಹಾಕಬಾರದೆಂದು ಬೇಡುತ್ತೇವೆ.

ಕಳೆದ ಮಳೆಗಾಲದಲ್ಲಿ ತಾಯಿಯವರು ಮತ್ತೆ ಮಂಚದಿಂದ ಜಾರಿ ನೆಲದಲ್ಲಿ ಕುಳಿತರು. ನೋವೆಲ್ಲಿಯೂ ಇಲ್ಲವೆಂದು ಕೇಳಿ ತಿಳಿದೆವು. ಬಳಿಸಾರಿ, ಪಾದಗಳನ್ನು ಊರಿ, ಸೊಂಟವನ್ನು ಮಡಿಸಿ, ಅವರನ್ನು ಎರಡು ತೋಳುಗಳಿಂದಲೂ ಬಳಸಿ ಎದೆಗೊತ್ತಿಕೊಂಡು, ಉಸಿರು ಹಿಡಿದು ನೆಲವನ್ನೊತ್ತಿದೆವು. ಅವರು ಮೊದಲು ಮಣೆಗೆ ಬಂದರು, ಅಲ್ಲಿಂದ ಮಂಚಕ್ಕೆ. ಯಾರನ್ನೂ ಕೂಗಬೇಕಾಗಲಿಲ್ಲ.

ತಾಯಿಯವರು ನಮ್ಮ ಮುಖವನ್ನೇ ನೋಡಿ, “ಏನೋ ಮಗು, ನಾನು ಅಷ್ಟು ಹಗುರಾಗಿಬಿಟ್ಟೆನೇನೋ?” ಎಂದರು.

“ಇಲ್ಲಮ್ಮ, ನೀನು ಇದ್ದಷ್ಟೇ ಇದ್ದೀಯೆ” ಎಂದು ಹೇಳಿ, ಹೊದಿಕೆಯನ್ನು ಸರಿಪಡಿಸಿ, ದೀಪವನ್ನು ಆರಿಸಿದೆವು.