ಚಗಳಿಗಳ ಮನೆ

ಫಜ್ರ್ ನಮಾಝಿನ ಬಳಿಕ ಮೊಬೈಲ್ ಹಿಡಿದು ಹಿತ್ತಲಿಗಿಳಿದು ಹುಳುಹುಪ್ಪಟೆಗಳ ಚಿತ್ರ ತೆಗೆಯುವುದು ನಮ್ಮ ರೂಢಿ. ಅಂದು ಮಾವಿನ ಕೊಂಬೆಯಲ್ಲಿ ಚಗಳಿ ಇರುವೆಗಳು ಗೂಡು ಕಟ್ಟುತ್ತಿದ್ದವು. ಕೆಲವು ಸಾಲುಗಟ್ಟಿ ಎಲೆಗಳ ಅಂಚುಗಳನ್ನು ಎಳೆದು ಹಿಡಿದಿದ್ದರೆ, ಇನ್ನು ಕೆಲವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು, ಅವು ಸ್ರವಿಸುವ ರೇಷ್ಮೆಯಿಂದಲೇ ಎಲೆಗೆ ಎಲೆ ಹೊಲಿಯುತ್ತಿದ್ದವು. ಚಿತ್ರ ಸ್ಪಷ್ಟವಾಗಲೆಂದು ನಾವು ಅಡ್ಡವಿದ್ದ ಎಲೆಯೊಂದನ್ನು ಸರಿಸಿದೆವು. ಹೊಲಿಗೆ ಬಿಚ್ಚಿ ಮರಿಗಳು ನೆಲಕ್ಕುದುರಿದವು.

ಪ್ರವಾದಿ ಸುಲೈಮಾನ್(ಅ)ರ ಸೇನೆ ಅರಿಯದೆ ತುಳಿದೀತೆಂದು ಇರುವೆಯೊಂದು ತನ್ನವರನ್ನು ಎಚ್ಚರಿಸಿದ ಪ್ರಸಂಗವನ್ನು ಪವಿತ್ರ ಕುರ್‌ಆನಿನ 27ನೇ ಅಧ್ಯಾಯದಲ್ಲಿ ಎಷ್ಟು ಬಾರಿ ಓದಿದ್ದೇವೆ! ನಾವಾದರೋ ಅರಿಯದವರಲ್ಲ, ಗೂಡನ್ನು ನೋಡುತ್ತಲೇ ಕೈಯಿಟ್ಟಿದ್ದೆವು.

ಮಕ್ಕಳು ಚಿತ್ರ ಕೇಳಿದರು. ಅಳಿಸಿಬಿಟ್ಟಿದ್ದೆವು. ಅಸ್ರ್ ನಮಾಝಿನ ಬಳಿಕ ಅವರೊಡನೆ ದೂರ ನಿಂತು ನೋಡಿದೆವು. ಆ ಎಲೆಗೆ ಮತ್ತೆ ಹೊಲಿಗೆ ಬೀಳುತ್ತಿತ್ತು.