ತೂಕ ಇಳಿದ ಮೇಲಿನ ಕಬಡ್ಡಿ

ಬೀದರ್ ಜಿಲ್ಲೆಯ ಹುಡಗಿ ಎಂಬ ಊರಿನ ಶಾಲೆಯಲ್ಲಿ ನನ್ನನ್ನು ಕಬಡ್ಡಿ ತಂಡಕ್ಕೆ ತೆಗೆದುಕೊಂಡದ್ದೇ ನನ್ನ ಮೈಭಾರ ನೋಡಿ. ಪಿಟಿ ಸರ್ ನನ್ನನ್ನು ಕವರ್ ಎಂಬ ರಕ್ಷಣೆಯ ಜಾಗದಲ್ಲಿ ನಿಲ್ಲಿಸಿ, "ನೀ ಅಡ್ಡ ನಿಂತ್ರ ಸಾಕು, ಉಳದದ್ದು ಅವರು ನೋಡ್ಕೋತಾರ" ಅನ್ನುತ್ತಿದ್ದರು. ರೈಡಿಗೆ ಬಂದವಳು ನಮ್ಮ ಅಂಕಣದ ಒಳಕ್ಕೆ ಬಂದಳೆಂದರೆ ಅವಳು ನಡುಗೆರೆಗೆ ಮರಳುವ ದಾರಿಗೆ ನಾನು ಅಡ್ಡ ಹೋಗುತ್ತಿದ್ದೆ. ಅಷ್ಟರಲ್ಲೇ ಆಟ ಮುಗಿಯುತ್ತಿತ್ತು.

ಮದುವೆಯಾಯಿತು, ಎರಡು ಹೆರಿಗೆಯಾದವು, ಹಗಲೆಲ್ಲ ಹೊಲಿಗೆ ಮಷೀನಿನ ಮುಂದೆ ಕೂರುವ ಕೆಲಸವಾಯಿತು. ತೂಕ ನೂರು ಕೆಜಿ ದಾಟಿತು, ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಹುಮನಾಬಾದಿಗೆ ಹೋಗುವ ಬಸ್ಸಿನ ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಪಥ್ಯ, ನಡಿಗೆ, ಮಾತ್ರೆ ಎಲ್ಲ ಮಾಡಿ ಸೋತ ಮೇಲೆ ಹೈದರಾಬಾದಿನ ಡಾಕ್ಟರೊಬ್ಬರು ತೂಕ ಇಳಿಸುವ ಆಪರೇಶನ್ ಮಾತೆತ್ತಿದರು. ನಮ್ಮ ಕಡೆಯವರು ದೊಡ್ಡ ಕಾಯಿಲೆ ಬಂದರೆ ಹೈದರಾಬಾದ್ ಇಲ್ಲವೇ ಸೊಲ್ಲಾಪುರದ ಹಾದಿ ಹಿಡಿಯುವವರೇ. ಭಾರತೀಯರಲ್ಲಿ ಎತ್ತರಕ್ಕೆ ತಕ್ಕಂತೆ ತೂಕ ಅಳೆಯುವ ಬಿಎಂಐ 37.5 ದಾಟಿದವರಿಗೆ, ಸಕ್ಕರೆ ಕಾಯಿಲೆಯಂಥದ್ದು ಇದ್ದರೆ 32.5 ದಾಟಿದವರಿಗೂ, ಈ ಆಪರೇಶನ್ ಸೂಚಿಸುವ ರೂಢಿಯಿದೆ ಎಂದು ಅವರು ವಿವರಿಸಿದರು. ನನ್ನದು ಎರಡನ್ನೂ ದಾಟಿತ್ತು. ತೊಗರಿ ಮಾರಿದ ದುಡ್ಡಿಗೆ ಸಾಲ ಕೂಡಿಸಿ ಒಪ್ಪಿಕೊಂಡೆವು.

ನನಗೆ ಮಾಡಿದ್ದು ಸ್ಲೀವ್. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಪಾಲು ತಯಾರಾಗುವುದು ಆ ತೆಗೆದ ಭಾಗದಲ್ಲೇ. ಹಾಗಾಗಿ ಹಸಿವೆಂಬುದು ತಿಂಗಳುಗಟ್ಟಲೆ ನನ್ನತ್ತ ಸುಳಿಯಲಿಲ್ಲ. ಹಸಿವಿಲ್ಲದೆ ಉಣ್ಣುವುದು ಎಷ್ಟು ಕಷ್ಟವೆಂದು ಆಪರೇಶನ್‌ಗೆ ಮೊದಲು ಯಾರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ಮೊದಲು ಬರೀ ತೆಳು ದ್ರವ, ಆಮೇಲೆ ಅರೆದ ಬ್ಯಾಳಿ, ಆಮೇಲೆ ಮೆತ್ತನೆಯ ಅನ್ನ. ಆ ವರ್ಷದ ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋದೆವು. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಬಡಿಸಿಕೊಂಡು ಎಲ್ಲರೂ ಕೂತರು. ನಾನು ಎರಡು ಚಮಚ ಭಜ್ಜಿ ನುಂಗಿದ್ದೇ ಎದೆಯಲ್ಲಿ ಸಿಕ್ಕಿಕೊಂಡಿತು, ಎದ್ದು ಬದುವಿನ ಆಚೆ ಹೋಗಿ ವಾಂತಿ ಮಾಡಿದೆ. ನಾದಿನಿ ಬೆನ್ನು ನೀವುತ್ತ ಅಳುತ್ತಿದ್ದಳು.

ಕೆಲವು ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬರತೊಡಗಿತು. ತೂಕ ಭರಭರನೆ ಇಳಿಯುತ್ತಿತ್ತು. ಓಣಿಯವರು ಹೊಗಳುತ್ತಿದ್ದರು, ಆದರೆ ನನಗೆ ನೀರಿನ ಕೊಡ ಎತ್ತಲು ಆಗುತ್ತಿರಲಿಲ್ಲ. ಇಳಿಯುವುದು ಕೊಬ್ಬು ಮಾತ್ರವಲ್ಲ, ಪ್ರೋಟೀನ್ ಸಾಲದಿದ್ದರೆ ಸ್ನಾಯುವೂ ಕರಗುತ್ತದೆ, ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಹೊಟ್ಟೆಗೆ ಹೋಗಲೇಬೇಕು ಎಂದು ಡಾಕ್ಟರು ಎಚ್ಚರಿಸಿದರು. ಒಂದು ಬಟ್ಟಲೂ ಹಿಡಿಸದ ಹೊಟ್ಟೆಗೆ ಅದನ್ನು ತುಂಬುವುದೇ ದಿನವಿಡೀ ಕೆಲಸ: ಮೊಟ್ಟೆ, ಗಟ್ಟಿ ಮೊಸರು, ಹೆಸರುಕಾಳು, ಮಜ್ಜಿಗೆಯಲ್ಲಿ ಕಲಸಿದ ಪ್ರೋಟೀನ್ ಪುಡಿ. ರೊಟ್ಟಿ ಕಡೆಗೆ.

ದಸರಾ ಕ್ರೀಡಾಕೂಟದ ತಾಲ್ಲೂಕು ಮಟ್ಟದ ಪಂದ್ಯಕ್ಕೆ ಊರಿನ ಹುಡುಗಿಯರು ತಂಡ ಕಟ್ಟುತ್ತಿದ್ದಾರೆ, ಒಬ್ಬಳು ಕಡಿಮೆ ಬಿದ್ದಿದ್ದಾಳೆ ಎಂದು ಗೊತ್ತಾದಾಗ ಆಪರೇಶನ್ ಆಗಿ ವರ್ಷ ಕಳೆದಿತ್ತು. ಅತ್ತೆ ಬಾಗಿಲಲ್ಲೇ ತಡೆದರು. "ಹೊಟ್ಟಿ ಕೊಯ್ಸಕೊಂಡಾಕಿ ನೀ. ಮಂದಿ ಮೈಮ್ಯಾಲ ಬೀಳೋ ಆಟ ಯಾಕ ಬೇಕವ್ವ ನಿನಗ?" ಅವರ ಅಂಜಿಕೆಯಲ್ಲಿ ಹುರುಳಿತ್ತು. ತೂತು ಹಾಕಿದ ಜಾಗದಲ್ಲಿ ಹರ್ನಿಯಾ ಆಗಬಹುದು ಎಂದು ನನಗೂ ಹೇಳಿದ್ದರು. ಹೈದರಾಬಾದಿಗೆ ಹೋಗಿ ಹೊಟ್ಟೆ ಪರೀಕ್ಷೆ ಮಾಡಿಸಿ, ರಕ್ತ ತಪಾಸಣೆ ಮಾಡಿಸಿ ಬಂದು, "ಡಾಕ್ಟರ್ ಹ್ಞೂಂ ಅಂದಾರ್ರಿ ಅತ್ತಿ" ಎಂದೆ. ಅವರು ಮಾತಾಡಲಿಲ್ಲ, ತಡೆಯಲೂ ಇಲ್ಲ.

ಮೊದಲ ದಿನದ ಅಭ್ಯಾಸದಲ್ಲಿ ಹಳೆಯ ಗತ್ತಿನಲ್ಲೇ ಕವರ್‌ನಲ್ಲಿ ನಿಂತೆ. ಪಿಯುಸಿ ಓದುವ ಹುಡುಗಿಯೊಬ್ಬಳು ರೈಡಿಗೆ ಬಂದಳು. ನಾನು ಅಡ್ಡ ಹೋದೆ. ಅವಳು ಭುಜದಿಂದ ನೂಕಿದ್ದಕ್ಕೆ ನಾನು ಲಾಬಿಯಾಚೆ ಮಣ್ಣಿನಲ್ಲಿ ಬಿದ್ದಿದ್ದೆ. ಹೊಟ್ಟೆ ಹಿಡಿದುಕೊಂಡು ಎಷ್ಟೋ ಹೊತ್ತು ಹಾಗೇ ಮಲಗಿದೆ, ಒಳಗಿನ ಹೊಲಿಗೆ ಬಿಚ್ಚಿತೇನೋ ಎಂದು. ಬಿಚ್ಚಿರಲಿಲ್ಲ. ಆದರೆ ನನ್ನ ಹಳೆಯ ಆಟ ಹೋಗಿತ್ತು. ಯಾವ ಭಾರದಿಂದ ನನ್ನ ಮೊಣಕಾಲು ಸವೆದಿತ್ತೋ ಅದೇ ಭಾರ ಎದುರಾಳಿಯನ್ನು ಹಿಡಿಯುತ್ತಿತ್ತು. ಆ ಕೆಲಸವನ್ನು ಇನ್ನು ತೊಡೆ, ಬೆನ್ನು, ಬೆರಳು ಮಾಡಬೇಕಿತ್ತು. ನಾನು ಮೂಲೆಗೆ ಸರಿದೆ, ಆಂಕಲ್ ಹೋಲ್ಡ್ ಕಲಿಯತೊಡಗಿದೆ. ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದ ಕ್ಷಣದಲ್ಲೇ ಬಗ್ಗಿ ಕಾಲಿನ ಗಿಣ್ಣು ಹಿಡಿದು ತನ್ನತ್ತ ಎಳೆದುಕೊಳ್ಳಬೇಕು, ತಡವಾದರೆ ಅವಳ ಮೊಣಕಾಲು ಮುಖಕ್ಕೇ ಬಡಿಯುತ್ತದೆ. ನನಗೆ ಬಹಳ ಸಲ ಬಡಿಯಿತು. ಮೈನೋವಿಗೆ ಉಳಿದವರು ನುಂಗುವ ಮಾತ್ರೆ ನನಗೆ ನಿಷಿದ್ಧ, ಚಿಕ್ಕ ಜಠರದಲ್ಲಿ ಹುಣ್ಣಾಗಬಹುದು. ಪ್ಯಾರಾಸಿಟಮಾಲ್ ನುಂಗಿ, ಬಿಸಿನೀರಿನ ಶಾಖ ಕೊಟ್ಟುಕೊಂಡು ರಾತ್ರಿ ಕಳೆಯಬೇಕಿತ್ತು.

ಏಟಿಗಿಂತ ಹೆಚ್ಚು ಕಾಡಿದ್ದು ನೀರಡಿಕೆ. ಹೆಂಗಸರ ಪಂದ್ಯ 15 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಆ ಬಿಡುವಿನಲ್ಲಿ ಉಳಿದವರು ಬಾಟಲಿ ಎತ್ತಿ ಗಟಗಟ ಕುಡಿಯುತ್ತಿದ್ದರು. ನಾನು ಹಾಗೆ ಕುಡಿದರೆ ನೀರು ತಿರುಗಿ ಬಾಯಿಗೇ ಬರುತ್ತದೆ. ಗುಟುಕು ಗುಟುಕಾಗಿ ಬೆಳಗಿನಿಂದಲೇ ಕುಡಿಯುತ್ತಿರಬೇಕು, ಊಟದ ಜೊತೆಗೆ ಕುಡಿಯಬಾರದು, ಉಂಡು ಅರ್ಧ ತಾಸು ಬಿಡಬೇಕು. ಬೀದರ್ ಜಿಲ್ಲೆಯ ಬಿಸಿಲಿನಲ್ಲಿ ಒಂದು ಸಂಜೆ ಕಣ್ಣು ಕತ್ತಲಿಟ್ಟು ಅಂಕಣದಲ್ಲೇ ಕುಸಿದೆ. ಕಬ್ಬಿಣಾಂಶ ಇಳಿದಿತ್ತು, ಬಿ12 ಕೂಡ. ಮಾತ್ರೆ, ಚುಚ್ಚುಮದ್ದು ಈಗಲೂ ನಡೆದಿವೆ, ಜೀವ ಇರುವವರೆಗೂ ರಕ್ತ ಪರೀಕ್ಷೆ ತಪ್ಪಿದ್ದಲ್ಲ.

ಕಬಡ್ಡಿಯಲ್ಲಿ ನಮ್ಮ ರಾಜ್ಯದ ಹೆಂಗಸರ ದೊಡ್ಡ ಹೆಸರುಗಳಿವೆ. ಕಾರ್ಕಳದ ಹೆರ್ಮುಂಡೆಯಂಥ ಹಳ್ಳಿಯಿಂದ ಬಂದ ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್ಪನ್ನು ಭಾರತ ತಂಡದ ನಾಯಕಿಯಾಗಿ ಗೆದ್ದವರು. ಬೆಂಗಳೂರಿನ ತೇಜಸ್ವಿನಿ ಬಾಯಿ 2011ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಆ ಎತ್ತರ ನಮ್ಮದಲ್ಲ ನಿಜ. ಆದರೆ ಸೀನಿಯರ್ ಮಹಿಳೆಯರ ಅಧಿಕೃತ ಪಂದ್ಯದಲ್ಲಿ 75 ಕೆಜಿಗಿಂತ ಹೆಚ್ಚಿನವರಿಗೆ ಅವಕಾಶವಿಲ್ಲ ಎಂಬ ನಿಯಮ ನನ್ನನ್ನು ಯಾವತ್ತೋ ಹೊರಗಿಟ್ಟಿತ್ತು. ಹುಮನಾಬಾದಿನಲ್ಲಿ ಪಂದ್ಯದ ಬೆಳಿಗ್ಗೆ ನಾನಾಗಿಯೇ ತಕ್ಕಡಿ ಹತ್ತಿದೆ. ಮುಳ್ಳು 75ಕ್ಕಿಂತ ಕೆಳಗೇ ನಿಂತಿತು. ಅಲ್ಲೇ ನಿಂತು ಅತ್ತೆಗೆ ಫೋನು ಮಾಡಿ ಹೇಳಿದೆ.

ಆ ಪಂದ್ಯ ಸೋತೆವು. ನಾನು ಮೂರು ಕಾಲು ಹಿಡಿದೆ, ಒಂದು ಜಾರಿತು, ಎರಡು ನಿಂತವು. ಎರಡನೆಯದು ಅಂಕಣದಲ್ಲಿ ನಾವು ಮೂವರೇ ಉಳಿದಿದ್ದಾಗ ಹಿಡಿದದ್ದು. ಸೂಪರ್ ಟ್ಯಾಕಲ್ ಆಗಿ ಎರಡು ಅಂಕ ಬಂತು. ಹೊಟ್ಟೆಯ ಮೇಲೆ ಎದುರಾಳಿಯ ಪೂರ್ತಿ ಭಾರ ಬಿದ್ದಿತ್ತು, ನಾನು ಕೈ ಬಿಡಲಿಲ್ಲ. ಈ ಆಪರೇಶನ್ ಮಾಡಿಸಿಕೊಂಡ ಹೆಂಗಸರು ಆಟಕ್ಕಿಳಿಯುವುದಾದರೆ ಕತ್ತರಿ ಹಿಡಿದ ಡಾಕ್ಟರನ್ನೇ ಮೊದಲು ಕೇಳಲಿ, ಆರು ತಿಂಗಳು ತೋಳು ತೊಡೆ ಗಟ್ಟಿ ಮಾಡಿಕೊಳ್ಳಲಿ, ಹೊಗಳಿಕೆಗೆ ಮರುಳಾಗಿ ಊಟ ಬಿಡದಿರಲಿ. ನಮ್ಮ ತಂಡದ ಎಡ ಮೂಲೆಯವಳು ಮದುವೆಯಾಗಿ ಬಸವಕಲ್ಯಾಣಕ್ಕೆ ಹೋಗಿದ್ದಾಳೆ. ಮುಂದಿನ ದಸರೆಗೆ ಆ ಜಾಗಕ್ಕೊಬ್ಬಳು ಬೇಕು, ಮದುವೆಯಾದವರಾದರೂ ಸರಿ, ಸಂಜೆ ಐದಕ್ಕೆ ಶಾಲೆಯ ಮೈದಾನಕ್ಕೆ ಬರಲಿ.